ಪ್ರಯಾಣಕಾಲದ ಶಿಶುಶಯ್ಯೆ

ಮನೆಯೊಳಗಿನ ತೊಟ್ಟಿಲನ್ನು ಕುರಿತು ನಮ್ಮಲ್ಲಿ ಹಾಡುಗಳುಂಟು, ಶಾಸ್ತ್ರಗಳುಂಟು, ನುರಿತ ಕೈಗಾರಿಕೆಯೂ ಉಂಟು. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲಂತೂ ನಾಡಿನಲ್ಲೆಲ್ಲ ಹೆಸರಾದುದು. ಆದರೆ ತೊಲೆಗೆ ತೂಗುಹಾಕಿದ ಆ ತೊಟ್ಟಿಲು ಮನೆಬಿಟ್ಟು ಕದಲುವುದಿಲ್ಲ, ಮಗುವಾದರೋ ಕದಲುತ್ತದೆ. ಬಾಣಂತನ ಮುಗಿದೊಡನೆ ತಾಯಿಯ ತವರಿನಿಂದ ತಂದೆಯ ಮನೆಗೆ, ಅಲ್ಲಿಂದ ಜಾತ್ರೆಗೆ, ಮದುವೆಗೆ, ಹೊಲಗೆಲಸಕ್ಕೆ, ಈಚೀಚೆಗೆ ವಿಮಾನವೇರಿ ಕಡಲಾಚೆಗೆ ಅದರ ಪ್ರಯಾಣ ನಡೆದೇ ಇರುತ್ತದೆ. ಹೊರಗೆ ಹೋದಾಗ ಹಸುಳೆ ಎಲ್ಲಿ, ಯಾವುದರ ಮೇಲೆ, ಯಾವ ಭಂಗಿಯಲ್ಲಿ ನಿದ್ರಿಸಬೇಕೆಂಬುದು ಕೇವಲ ಅನುಕೂಲದ ಪ್ರಶ್ನೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅದು ಉಸಿರಿನ ಪ್ರಶ್ನೆಯೂ ಹೌದೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಒಯ್ಯಲು ಸುಲಭವಾದ ಹಾಸಿಗೆಯಲ್ಲಿ ನಾವು ಹುಡುಕುವ ಗುಣಗಳಾವುವು? ಅದು ಹಗುರವಾಗಿರಬೇಕು, ಮೆದುವಾಗಿರಬೇಕು, ಮಡಿಸಿದರೆ ಮಡಿಕೆಯಾಗಬೇಕು, ಸಿಕ್ಕಿದ ಎಡೆಗೆ ಹೊಂದಿಕೊಳ್ಳುವಂತೆ ಬಾಗಬೇಕು. ಶಿಶುವಿನ ನಿದ್ರೆಗೆ ಬೇಕಾದ ಗುಣಗಳಾದರೋ ಇವಕ್ಕೆ ನೇರ ವಿರುದ್ಧವಾದವು: ಗಟ್ಟಿಯಾದ, ಸಮತಟ್ಟಾದ, ಬರಿದಾದ ಹಾಸು, ಕುಸಿಯದ ಅಂಚು. ಪ್ರಯಾಣದ ಶಯ್ಯೆಯ ಚರಿತ್ರೆಯೆಲ್ಲ ಈ ವಿರೋಧದ ಚರಿತ್ರೆಯೇ ಎಂದರೆ ತಪ್ಪಾಗಲಾರದು.

ವಿರೋಧದ ಮೂಲ ಶಿಶುವಿನ ಅಂಗರಚನೆಯಲ್ಲಿದೆ. ನವಜಾತ ಶಿಶುವಿನ ತಲೆ ಅದರ ಒಟ್ಟು ಉದ್ದದ ಸುಮಾರು ಕಾಲುಭಾಗ. ಕತ್ತು ಗಿಡ್ಡ, ಅದರ ಸ್ನಾಯುಗಳು ದುರ್ಬಲ. ಶ್ವಾಸನಾಳವು ಕೆಲವೇ ಮಿಲಿಮೀಟರುಗಳಷ್ಟು ಅಗಲವಾದ ಮೆತ್ತನೆಯ ಕೊಳವೆ. ಬೆನ್ನು ಬಿಲ್ಲಿನಂತೆ ಬಾಗಿ ಗದ್ದ ಎದೆಗೆ ತಾಗಿತೆಂದರೆ ಈ ದಾರಿ ಕಿರಿದಾಗುತ್ತದೆ. ದೊಡ್ಡವರಾದರೆ ನಿದ್ರೆಯಲ್ಲಿಯೇ ತಲೆ ಹೊರಳಿಸಿಯಾರು. ಎರಡು ಮೂರು ತಿಂಗಳ ಕೂಸಿಗೆ ಆ ಬಲವಿರುವುದಿಲ್ಲ. ಮುಖ ಮೆತ್ತೆಯಲ್ಲಿ ಹುದುಗಿದರೆ ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಇವೆಲ್ಲ ಸದ್ದಿಲ್ಲದೆ ನಡೆಯುವುದರಿಂದ ಪಕ್ಕದಲ್ಲಿದ್ದವರಿಗೂ ತಿಳಿಯುವುದಿಲ್ಲ. ಶಿಶುವನ್ನು ಅಂಗಾತವಾಗಿಯೇ ಮಲಗಿಸಬೇಕೆಂಬ ಪ್ರಚಾರವು ಬ್ರಿಟನ್ನಿನಲ್ಲಿ ೧೯೯೧ರಲ್ಲಿಯೂ ಅಮೆರಿಕದಲ್ಲಿ ೧೯೯೪ರಲ್ಲಿಯೂ ಆರಂಭವಾಯಿತು. ಅಮೆರಿಕದಲ್ಲಿ ನಿದ್ರೆಯ ನಡುವಣ ಹಠಾತ್ ಶಿಶುಮರಣದ ಪ್ರಮಾಣವು ಮುಂದಿನ ಹತ್ತು ವರ್ಷಗಳಲ್ಲಿ ಅರ್ಧದಷ್ಟು ಇಳಿಯಿತು. ಭಂಗಿಯೊಂದನ್ನು ಬದಲಿಸಿದುದರಿಂದಲೇ ಬಹುಪಾಲು ಇಷ್ಟಾಯಿತೆಂಬುದು ಗಮನಾರ್ಹ.

ಇನ್ನು ನಮ್ಮ ಜೋಲಿಯ ವಿಚಾರ. ಒಂದು ಹಳೆಯ ಸೀರೆ, ಎರಡು ಗಂಟು, ಒಂದು ಕೊಂಬೆ: ಇಷ್ಟಿದ್ದರೆ ಶಯ್ಯೆ ಸಿದ್ಧ. ಬಿಚ್ಚಿದರೆ ಅದೇ ಹೊದಿಕೆ, ಅದೇ ನೆರಳು, ಅದೇ ಗಂಟುಮೂಟೆಯ ಬಟ್ಟೆ. ಕಬ್ಬು ಕಡಿಯುವವರು ನಿಲ್ಲಿಸಿದ ಬಂಡಿಯ ಕೆಳಗೆ ಜೋಲಿ ಕಟ್ಟುತ್ತಾರೆ. ರಸ್ತೆಗೆಲಸದವರು ಮೂರು ಗಳುಗಳನ್ನು ತುದಿಯಲ್ಲಿ ಬಿಗಿದು, ಬಯಲಿನಲ್ಲಿಯೇ ಮುಕ್ಕಾಲಿಯನ್ನು ನಿಲ್ಲಿಸಿ, ಅದಕ್ಕೆ ಇಳಿಬಿಡುತ್ತಾರೆ. ರೈಲುಗಾಡಿಯಲ್ಲಿ ಮೇಲಿನ ಮಲಗುಹಲಗೆಯ ಸರಪಳಿಗಳ ನಡುವೆ ಕಟ್ಟಿದ ಜೋಲಿಯನ್ನು ನೋಡದ ಪ್ರಯಾಣಿಕರು ವಿರಳ. ನಾಗರಿಕರೆನಿಸಿಕೊಂಡವರು ಇದನ್ನು ಬಡತನದ ಗುರುತೆಂದು ಮಾತ್ರ ಕಾಣುವುದುಂಟು, ಅದು ಸರಿಯಲ್ಲ. ಇರುವೆ, ಚೇಳು, ಹಾವುಗಳಿರುವ ಹೊಲದಂಚಿನಲ್ಲಿ ಕೂಸನ್ನು ನೆಲದಿಂದ ಮೇಲೆತ್ತುವುದು ದೊಡ್ಡ ರಕ್ಷಣೆ. ತೆಳುವಾದ ನೂಲಿನ ಬಟ್ಟೆಯ ಮೂಲಕ ಗಾಳಿಯಾಡುತ್ತದೆ. ತೂಗಾಟದಿಂದ ಅಳು ನಿಲ್ಲುತ್ತದೆ, ಕೆಲಸ ಮಾಡುವ ತಾಯಿಯ ಕೈ ಬಿಡುವಾಗುತ್ತದೆ. ಶಿಶುಪಾಲನೆಗೆ ಬೇರೊಂದು ಕೈಯಿಲ್ಲದವಳಿಗೆ ಇದು ಸಣ್ಣ ಉಪಕಾರವಲ್ಲ.

ಆದರೂ ಜೋಲಿಯ ದೋಷ ಅದರ ಆಕಾರದಲ್ಲಿಯೇ ಇದೆ. ಎರಡೇ ತುದಿಗಳಿಂದ ತೂಗುವ ಬಟ್ಟೆಯು ಭಾರಕ್ಕೆ ಬಿಲ್ಲಾಗದೆ ಇರಲಾರದು. ಅದರೊಳಗಿನ ಕೂಸಿನ ಬೆನ್ನೂ ಬಿಲ್ಲಾಗುತ್ತದೆ, ಗದ್ದ ಎದೆಗೆ ಬೀಳುತ್ತದೆ. ಬಟ್ಟೆಯ ಎರಡು ಅಂಚುಗಳು ಮೇಲೆ ಕೂಡಿಕೊಂಡರೆ ಮುಖವೇ ಮುಚ್ಚಿಹೋಗಬಹುದು. ಬಲ್ಲ ಹೆಂಗಸರು ಬಾಯಿಗೆ ಅಡ್ಡಕಡ್ಡಿಯಿಟ್ಟು ಅಂಚುಗಳನ್ನು ಅಗಲಿಸುವುದು ಇದಕ್ಕಾಗಿಯೇ. ಕಡ್ಡಿಯಿಂದ ಮುಖವೇನೋ ತೆರೆದಿರುತ್ತದೆ, ಬೆನ್ನಿನ ಬಾಗು ಮಾತ್ರ ಹೋಗುವುದಿಲ್ಲ. ಇನ್ನೊಂದು ಅಪಾಯವು ಎಳೆಗೂಸಿಗಿಂತ ತುಸು ದೊಡ್ಡ ಮಕ್ಕಳದು. ಜೋಲಿಯಲ್ಲಿ ಕುಳಿತು ಗಿರಗಿರನೆ ತಿರುಗಿ ಆಡುವಾಗ ಹುರಿಗೊಂಡ ಬಟ್ಟೆ ಕೊರಳಿಗೆ ಬಿಗಿದು ಮರಣವುಂಟಾದ ಪ್ರಕರಣಗಳು ನಮ್ಮ ದೇಶದ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಕೂಸು ಎದ್ದೊಡನೆ ಜೋಲಿಯನ್ನು ಬಿಚ್ಚಿ ಮಡಿಸಿಡುವುದು ಇದಕ್ಕಿರುವ ಸುಲಭ ಪರಿಹಾರ.

ಕಾರ್ಖಾನೆಯಲ್ಲಿ ತಯಾರಾದ ಮಡಿಸುವ ಮಂಚಗಳು ಈ ತೊಡಕನ್ನು ಬಿಡಿಸಿದುವೆ? ಬಾಗನ್ನು ಬಿಡಿಸಿದುವು, ಆದರೆ ಮಡಿಕೆಯಲ್ಲಿಯೇ ಬೇರೊಂದು ಅಪಾಯವನ್ನು ತಂದವು. ಅಮೆರಿಕದ 'ಪ್ಲೇಸ್ಕೂಲ್ ಟ್ರಾವೆಲ್-ಲೈಟ್' ಎಂಬ ಮಂಚದ ಮೇಲಂಚಿನ ಸರಳುಗಳು ನಡುವೆ ಮಡಿಯುವಂತಿದ್ದು, ಬೀಗ ಸಡಿಲಿದರೆ ಕುಸಿದು ಇಕ್ಕಳದಂತಾಗುತ್ತಿದ್ದುವು. ೧೯೯೩ರಲ್ಲಿಯೇ ಅದನ್ನು ಹಿಂದಕ್ಕೆ ಪಡೆಯುವ ಪ್ರಕಟಣೆಯಾಯಿತು. ಪ್ರಕಟಣೆಯಾದರೂ ಮಂಚಗಳು ಮನೆಗಳಲ್ಲಿಯೇ ಉಳಿದವು. ೧೯೯೮ರ ಮೇ ತಿಂಗಳಲ್ಲಿ ಷಿಕಾಗೊ ನಗರದ ಶಿಶುಪಾಲನೆಯ ಮನೆಯೊಂದರಲ್ಲಿ ಹದಿನಾರು ತಿಂಗಳ ಮಗುವೊಂದು ಅದರಲ್ಲಿ ಕೊರಳು ಸಿಲುಕಿ ಸತ್ತಿತು. ಅದೇ ಮಾದರಿಯ ಮಂಚದಿಂದ ಸತ್ತ ಐದನೆಯ ಮಗು ಅದು. ತಂದೆತಾಯಿಗಳು ಸುಮ್ಮನಾಗಲಿಲ್ಲ. ಅವರು ನಡೆಸಿದ ಹೋರಾಟದ ಫಲವಾಗಿ, ೨೦೦೮ರ ಅಮೆರಿಕದ ಬಳಕೆದಾರರ ಸುರಕ್ಷತಾ ಶಾಸನದ ಒಂದು ಭಾಗವು ಆ ಮಗುವಿನ, ಎಂದರೆ ಡ್ಯಾನಿ ಕೈಸರನ ಹೆಸರನ್ನೇ ಹೊತ್ತಿದೆ. ಮಂಚ, ತೊಟ್ಟಿಲು ಮುಂತಾದವನ್ನು ಮಾರುವಾಗ ಕೊಂಡವರ ವಿಳಾಸ ನೋಂದಾಯಿಸುವ ಚೀಟಿಯನ್ನು ಜೊತೆಗಿಡಬೇಕೆಂದು ಅದು ವಿಧಿಸಿತು. ವಸ್ತುವಿನ ದೋಷಕ್ಕಿಂತಲೂ, ದೋಷದ ಸುದ್ದಿ ಮನೆಗಳನ್ನು ಮುಟ್ಟದಿದ್ದುದೇ ಇಲ್ಲಿ ಹೆಚ್ಚು ಘಾತಕವಾಯಿತೆಂದು ನಮ್ಮ ಅಭಿಪ್ರಾಯ.

ಒರಗುಮಂಚಗಳ ಕಥೆಯೂ ಇಂಥದೇ. ತಲೆಯ ಕಡೆ ಎತ್ತರವಿದ್ದರೆ ಕೂಸು ಚೆನ್ನಾಗಿ ನಿದ್ರಿಸುತ್ತದೆಂದು ನಂಬಿಸಿ ಮಾರಿದ 'ರಾಕ್ ಎನ್ ಪ್ಲೇ' ಎಂಬ ಮಾದರಿಯ ಸುಮಾರು ೪೭ ಲಕ್ಷ ಮಂಚಗಳನ್ನು ೨೦೧೯ರಲ್ಲಿ ಹಿಂದಕ್ಕೆ ಕರೆಯಬೇಕಾಯಿತು. ಶಿಶುಶಯ್ಯೆಯ ಇಳಿಜಾರು ಹತ್ತು ಡಿಗ್ರಿಯನ್ನು ಮೀರಕೂಡದೆಂಬ ನಿಯಮ ೨೦೨೨ರಲ್ಲಿ ಅಲ್ಲಿ ಜಾರಿಗೆ ಬಂದಿತು. ಜೋಲಿಯಲ್ಲಿ ಕಂಡ ಬಾಗಿನ ದೋಷವೇ ಬೆಲೆಬಾಳುವ ಯಂತ್ರರೂಪದಲ್ಲಿ ಮರಳಿ ಬಂದುದನ್ನು ಓದುಗರು ಗಮನಿಸಬೇಕು. ಕಾರಿನ ಮಕ್ಕಳ ಆಸನಕ್ಕೂ ಇದು ಅನ್ವಯಿಸುತ್ತದೆ: ಓಡುವ ಕಾರಿನಲ್ಲಿ ಅದು ಅಗತ್ಯವಾದ ರಕ್ಷಣೆ, ಊರು ಸೇರಿದ ಮೇಲೆ, ನಿದ್ರೆ ಕೆಡುವುದೆಂದು ಕೂಸನ್ನು ಅದರಲ್ಲಿಯೇ ಬಿಡುವುದು ಅಪಾಯ.

ನಮ್ಮ ರೈಲ್ವೆಯೂ ಒಂದು ಪ್ರಯತ್ನವನ್ನು ಮಾಡಿತು. ೨೦೨೨ರ ಮೇ ತಿಂಗಳಲ್ಲಿ ಲಖನೌ ಮೇಲ್ ಗಾಡಿಯ ಕೆಳಹಲಗೆಯ ಪಕ್ಕಕ್ಕೆ ಮಡಿಸಬಲ್ಲ ಪುಟ್ಟ ಶಿಶುಹಲಗೆಯನ್ನು ಜೋಡಿಸಲಾಯಿತು. ತಾಯಿಯ ಕೈಯಳತೆಯಲ್ಲಿ ಬೇರೆಯದೇ ಆದ ಸಮತಟ್ಟಾದ ಜಾಗ ಎಂಬ ಕಲ್ಪನೆ ಉತ್ತಮವಾದುದು. ಆದರೆ ಕೂಸು ಓಡಾಟದ ದಾರಿಯ ಕಡೆಗೆ ಬೀಳುತ್ತಿದ್ದುದರಿಂದ ಟೀಕೆಗಳೂ ಬಂದುವು. ವಿಮಾನದಲ್ಲಿ ಮುಂದಿನ ಗೋಡೆಗೆ ತೊಟ್ಟಿಲು ತಗುಲಿಸುವ ಏರ್ಪಾಡು ಬಹಳ ಹಿಂದಿನಿಂದಲೂ ಇದೆ. ತೂಕದ ಮಿತಿಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು, ವಿಮಾನ ಏರುವಾಗ, ಇಳಿಯುವಾಗ, ಕುಲುಕುವಾಗ ಕೂಸನ್ನು ಎತ್ತಿಕೊಳ್ಳಬೇಕು. ಅದರ ಬಗೆಗೆ ಇದಕ್ಕಿಂತ ಹೆಚ್ಚು ಹೇಳಬೇಕಾದುದಿಲ್ಲ.

ನೆಂಟರ ಮನೆಯಲ್ಲಿ ತಂಗುವವರಿಗಾದರೆ ಯಾವ ಮಂಚವನ್ನೂ ಕೊಳ್ಳದೆ ಒಳ್ಳೆಯ ಏರ್ಪಾಡು ಸಾಧ್ಯ. ನೆಲದ ಮೇಲೆ ಚಾಪೆ, ಅದರ ಮೇಲೆ ಒಂದು ತೆಳ್ಳನೆಯ ಕೌದಿ. ಹಳೆಯ ಬಟ್ಟೆಯ ಪದರಗಳನ್ನು ಒತ್ತೊತ್ತಾಗಿ ಹೊಲಿದುದಾದ್ದರಿಂದ ಕೌದಿ ಸುಲಭವಾಗಿ ಮುದ್ದೆಗಟ್ಟುವುದಿಲ್ಲ. ದಿಂಬು ಬೇಡ. ಕೊಡೆಯಂತೆ ಬಿಚ್ಚುವ ಸೊಳ್ಳೆಪರದೆ ಉಪಯುಕ್ತವೇ; ಜೊತೆಗೆ ಮಾರುವ ಮೆತ್ತನೆಯ ಹಾಸಿಗೆದಿಂಬುಗಳನ್ನು ತೆಗೆದಿಟ್ಟು ಬರಿಯ ಪರದೆಯನ್ನು ಬಳಸಬೇಕು. ನಡೆದಾಡುವ ಮಗುವಿಗೂ ಇದೇ ಸಾಕು. ಅದರ ಅಪಾಯ ಉಸಿರಿನದಲ್ಲ, ಎದ್ದು ಹತ್ತಿ ಬೀಳುವುದು. ನೆಲದಿಂದ ಬೀಳುವವರಿಲ್ಲ.

ಹೊಲದ ತಾಯಿಯ ಪ್ರಶ್ನೆ ಹಾಗೆಯೇ ಉಳಿಯಿತು. ಇಲ್ಲಿ ನ್ಯೂಜಿಲೆಂಡಿನ ಉದಾಹರಣೆ ದಾರಿ ತೋರಬಹುದು. ತಾಯಿಯ ಪಕ್ಕದಲ್ಲಿಯೇ ಕೂಸು ಮಲಗಬೇಕೆಂಬ ಮಾವೊರಿ ಜನರ ಪದ್ಧತಿಯನ್ನು ಅಲ್ಲಗಳೆಯದೆ, ನಾರಿನಿಂದ ಹೆಣೆದ 'ವಹಕುರ' ಎಂಬ ಸಮತಟ್ಟಾದ ಬುಟ್ಟಿಯನ್ನು ೨೦೦೬ರಿಂದ ಬಳಕೆಗೆ ತರಲಾಯಿತು; ೨೦೧೧ರ ಕ್ರೈಸ್ಟ್‌ಚರ್ಚ್ ಭೂಕಂಪದ ತರುವಾಯ ಅದೇ ತತ್ತ್ವದ ಪ್ಲಾಸ್ಟಿಕ್ ಪೆಟ್ಟಿಗೆಗಳೂ ಹಂಚಿಕೆಯಾದುವು. ನಮ್ಮಲ್ಲಿ ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸುವ ಪದ್ಧತಿ ಹೊಸದೇನಲ್ಲ. ಹೆಣೆಯಬಲ್ಲ ಮೇದಾರರೂ ಇದ್ದಾರೆ. ಕಲಘಟಗಿಯ ತೊಟ್ಟಿಲಿನ ತಳ ಸಮತಟ್ಟಾಗಿ ಉಳಿಯುವುದು ಅದು ನಾಲ್ಕು ಮೂಲೆಗಳಿಂದ ತೂಗುವುದರಿಂದ. ಜೋಲಿ ಬಾಗುವುದು ಎರಡೇ ಗಂಟುಗಳಿಂದ ತೂಗುವುದರಿಂದ. ಚಪ್ಪಟೆ ತಳದ, ಗೇಣೆತ್ತರದ ನೇರ ಅಂಚಿನ, ಗಾಳಿಯಾಡುವ ಹೆಣಿಗೆಯ ಬಿದಿರಿನ ಬುಟ್ಟಿಯೊಂದನ್ನು ರಸ್ತೆಗೆಲಸದವರ ಆ ಮುಕ್ಕಾಲಿಗೇ ನಾಲ್ಕು ಹಗ್ಗಗಳಿಂದ ತೂಗುಹಾಕಿದರೆ ಇರುವೆ ಚೇಳುಗಳ ಭಯವೂ ತಪ್ಪೀತು, ಬೆನ್ನಿನ ಬಾಗೂ ತಪ್ಪೀತು. ಸೀರೆಯಷ್ಟು ಅಗ್ಗವೂ ಹಗುರವೂ ಅದು ಆಗಲಾರದು. ಎಷ್ಟು ತೂಕಕ್ಕೆ, ಎಷ್ಟು ಬೆಲೆಗೆ ಅದನ್ನು ಇಳಿಸಬಹುದು, ಹಗ್ಗಗಳನ್ನು ಓರೆಯಾಗದಂತೆ ಬಿಗಿಯುವುದು ಹೇಗೆ ಎಂಬುದನ್ನು ಮೇದಾರರೊಡನೆಯೂ ಕಬ್ಬಿನ ಗದ್ದೆಯ ತಾಯಂದಿರೊಡನೆಯೂ ಕುಳಿತು ನೋಡಬೇಕಾಗಿದೆ.