ತಾಮ್ರದ ಕೆಟಲ್: ಹೊರಗಿನ ಹೊಳಪು, ಒಳಗಿನ ಕಲಾಯಿ

ಇಲ್ಲಿ ಬ್ರಿಟನ್ನಿನಲ್ಲಿ ಹಳೇ ಸಾಮಾನಿನ ಸಂತೆಗೆ ಹೋದರೆ ತಾಮ್ರದ ಟೀ ಕೆಟಲ್ ಕಣ್ಣಿಗೆ ಬೀಳದೇ ಇರಲ್ಲ. ಊರಿನ ಬಚ್ಚಲುಮನೆಯ ಹಂಡೆ ನೆನಪಾಗಿ, ಕೊಂಡುಬಿಡೋಣ ಅನ್ನಿಸುತ್ತೆ. ಕೊಳ್ಳಿ. ಆದರೆ ಒಲೆ ಮೇಲಿಡುವ ಮುಂಚೆ ಮುಚ್ಚಳ ತೆಗೆದು ಒಳಗೆ ನೋಡಿ. ಯಾಕೆ ಅಂತ ಇವತ್ತು ನೋಡೋಣ.

ಮೊದಲು ಇತಿಹಾಸ. 1784ರಲ್ಲಿ ಬ್ರಿಟಿಷ್ ಸಂಸತ್ತು ಚಹಾ ಮೇಲಿನ ಸುಂಕವನ್ನು ಶೇ. 119ರಿಂದ 12.5ಕ್ಕೆ ಇಳಿಸಿತು. ಕಳ್ಳಸಾಗಣೆಯಲ್ಲಿ ಬರುತ್ತಿದ್ದ ಚಹಾ ಅಂಗಡಿಯಲ್ಲೇ ಅಗ್ಗವಾಯಿತು. ಆ ಹೊತ್ತಿಗೆ ವೇಲ್ಸ್‌ನ ಸ್ವಾನ್ಸಿ ತಾಮ್ರ ಕರಗಿಸುವ ದೊಡ್ಡ ಕೇಂದ್ರವಾಗಿ ಬೆಳೆದಿತ್ತು. ತಾಮ್ರವನ್ನು ಬಡಿದು ಬೇಕಾದ ಆಕಾರಕ್ಕೆ ತರುವುದು ಸುಲಭ. ಶಾಖವನ್ನಂತೂ ಸ್ಟೇನ್‌ಲೆಸ್ ಸ್ಟೀಲಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಸಾಗಿಸುತ್ತೆ.

ಒಳಗೆ ಬೆಳ್ಳಗೆ ಕಾಣುವುದು ತವರದ ಲೇಪ, ಅಂದರೆ ನಮ್ಮ ಕಲಾಯಿ. ಅದು ಸವೆದು ಕೆಂಪು ತಾಮ್ರ ಇಣುಕಿದರೆ, ಹುಳಿ ತಾಗಿದಾಗ ತಾಮ್ರ ಕರಗಿ ನೀರಿಗೆ ಸೇರುತ್ತೆ. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ತಾಮ್ರ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ. ತೀರಾ ಹೆಚ್ಚಾದರೆ ಹೊಟ್ಟೆನೋವು, ವಾಂತಿ.

‘ಮತ್ತೆ ಅಜ್ಜಿ ತಾಮ್ರದ ಚೊಂಬಿನಲ್ಲಿ ನೀರಿಡ್ತಿದ್ದರಲ್ಲ?’ ಅಂತ ನೀವು ಕೇಳಬಹುದು. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾಗಳು ಉಳಿಯಲಿಲ್ಲ. ಕರಗಿದ ತಾಮ್ರವೂ ಮಿತಿಗಿಂತ ಎಷ್ಟೋ ಕಡಿಮೆ ಇತ್ತು. ಅದು ಹುಳಿಯಿಲ್ಲದ ಬರೀ ನೀರು. ಬ್ಯಾಕ್ಟೀರಿಯಾವನ್ನು ಕೊಲ್ಲುವ ತಾಮ್ರದ ಅಯಾನುಗಳೇ ಪ್ರಮಾಣ ಮೀರಿದರೆ ನಮ್ಮ ಹೊಟ್ಟೆಯನ್ನೂ ಕೆಡಿಸುತ್ತವೆ.

ಇಲ್ಲಿನವರು ಕೆಟಲ್‌ನಲ್ಲಿ ಕಾಯಿಸುತ್ತಿದ್ದದ್ದು ನೀರು ಮಾತ್ರ. ಚಹಾ ಸೊಪ್ಪು ಬೀಳುತ್ತಿದ್ದದ್ದು ಪಿಂಗಾಣಿ ಪಾತ್ರೆಗೆ. ನಾವೋ ಸೊಪ್ಪು, ಶುಂಠಿ, ಹಾಲು ಎಲ್ಲ ಒಂದರಲ್ಲೇ ಕುದಿಸುವವರು! ಜೊತೆಗೆ ಲಂಡನ್ನಿನ ಗಡಸು ನೀರಿನಿಂದ ಕೆಟಲ್ ಒಳಗೆ ಸುಣ್ಣ ಕಟ್ಟುತ್ತೆ. ಅದನ್ನು ಬಿಡಿಸಲು ವಿನೆಗರ್ ಅಥವಾ ನಿಂಬೆರಸ ಹಾಕಿ ಕುದಿಸಿದರೆ, ಕಲಾಯಿ ಹೋದ ಕಡೆ ತಾಮ್ರವೂ ಕರಗುತ್ತೆ.

ಖಾಲಿ ಕೆಟಲನ್ನು ಉರಿಯ ಮೇಲೆ ಮರೆತರೂ ಕಷ್ಟ. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತೆ. ನೀರಿದ್ದರೆ ಒಳಮೈ 100 ಡಿಗ್ರಿಯ ಆಸುಪಾಸಿನಲ್ಲೇ ಇರುವುದರಿಂದ ಕಲಾಯಿ ಉಳಿಯುತ್ತೆ.

ಇನ್ನೊಂದು ಮುಖ್ಯ ಮಾತು: ಹಳೇ ಕೆಟಲ್‌ಗಳ ಬೆಸುಗೆಯಲ್ಲಿ ಸೀಸ ಇರಬಹುದು. ಹೊಸ ಕಲಾಯಿ ಹಾಕಿಸಿದರೂ ಆ ಭಯ ಪೂರ್ತಿ ಹೋಗಲ್ಲ. ಹಾಗಾಗಿ ಸಂತೆಯ ಕೆಟಲ್ ಶೋಕೇಸಿಗೆ ಇರಲಿ. ದಿನಬಳಕೆಗೆ ಒಳಲೇಪ ಗಟ್ಟಿಯಾಗಿರುವ ಹೊಸದು, ಅದರಲ್ಲಿ ನೀರು ಮಾತ್ರ. ಶುಂಠಿ ಚಹಾಕ್ಕೆ ಸ್ಟೀಲ್ ಪಾತ್ರೆ ಇದ್ದೇ ಇದೆ. ಮುಂದಿನ ಕಂತಿನಲ್ಲಿ ಸಿಗೋಣ.