ಕರೆಂಟ್ ಹೋದರೂ ಏಳಬೇಕು

ಎರಡು ವರ್ಷದ ಹಿಂದಿನ ಏಪ್ರಿಲ್. ನಾನು ಚೆನ್ನೈನ ಪೆರುಂಗುಡಿಯ ಆಫೀಸಿನಲ್ಲಿದ್ದೆ. ತಿಪಟೂರು ಸೀಮೆಯ ನಮ್ಮೂರಿಂದ ಅಪ್ಪನ ಫೋನ್. ‘ಮೋಟ್ರು ಡಬ್ಬ ಸತ್ತೋಗೈತೆ ಕಣಮ್ಮ, ಲೈಟೇ ಹತ್ತಲ್ಲ. ನೀನು ಇದೇ ಕೆಲ್ಸ ತಾನೇ ಮಾಡೋದು?’

ಮೊಬೈಲಿನಿಂದಲೇ ಬೋರ್‌ವೆಲ್ ಮೋಟರ್ ಆನ್ ಮಾಡುವ ಆ ಪೆಟ್ಟಿಗೆ ಕೊಡಿಸಿದವಳು ನಾನೇ. ರಾತ್ರಿ ಕಂಪನಿಯಿಂದ ಹೊಸ ಸಾಫ್ಟ್‌ವೇರ್ ಬಂದಿತ್ತು. ಅದು ಬರೆದುಕೊಳ್ಳುತ್ತಿರುವಾಗಲೇ ಕರೆಂಟ್ ಹೋಗಿತ್ತು. ಬೆಳಿಗ್ಗೆ ತ್ರೀ ಫೇಸ್ ಬಂತು, ಪೆಟ್ಟಿಗೆ ಏಳಲಿಲ್ಲ. ಹಳೇ ಸ್ಟಾರ್ಟರ್ ಗುಜರಿಗೆ ಹೋಗಿ ತಿಂಗಳುಗಳಾಗಿದ್ದವು. ಹೊಸ ಪೆಟ್ಟಿಗೆ ಬರಲು ಒಂಬತ್ತು ದಿನ ಬೇಕಾಯಿತು. ಪಕ್ಕದ ತೋಟದವರನ್ನು ಕೇಳಿಕೊಂಡು ನೀರು ಹಾಯಿಸಿದರೂ ಹನ್ನೊಂದು ತೆಂಗಿನ ಸಸಿ ಒಣಗಿದವು.

ನನ್ನ ಕೆಲಸ ಬೂಟ್ ಕೋಡ್ ಬರೆಯುವುದು. ಮದುವೆ ಮನೆಯಲ್ಲಿ ಎಲ್ಲರಿಗಿಂತ ಮುಂಚೆ ಎದ್ದು ಒಲೆ ಹಚ್ಚುವ ಅಡುಗೆಭಟ್ಟರಿದ್ದ ಹಾಗೆ ಅದು. ಯಂತ್ರಕ್ಕೆ ಕರೆಂಟ್ ಬಂದ ಕೂಡಲೇ ಮೊದಲು ಎದ್ದು, ಮೆಮೊರಿ ಸಿದ್ಧಮಾಡಿ, ಉಳಿದ ಸಾಫ್ಟ್‌ವೇರನ್ನು ಎಬ್ಬಿಸುತ್ತದೆ. ಭಟ್ಟರೇ ಏಳದಿದ್ದರೆ ಊಟವಿಲ್ಲ.

ಇದನ್ನು ಬೋರ್ಡಿನ ಮೇಲೆ ಪರೀಕ್ಷಿಸುವುದು ತ್ರಾಸದ ಕೆಲಸ. ಕೋಡ್ ತಪ್ಪಿದರೆ ಬೋರ್ಡ್ ಇಟ್ಟಿಗೆಯಂತೆ ಬಿದ್ದಿರುತ್ತದೆ. ವೈರ್ ಜೋಡಿಸಿ ಮತ್ತೆ ಬರೆಯಬೇಕು. ಹಾಗಾಗಿ ಮೊದಲು ಲ್ಯಾಪ್‌ಟಾಪಿನಲ್ಲೇ ಸುಳ್ಳು ಯಂತ್ರವೊಂದನ್ನು ಕಟ್ಟುತ್ತೇವೆ. ಫ್ಯಾಬ್ರಿಸ್ ಬೆಲಾರ್ಡ್ 2003ರಲ್ಲಿ ಹೊರತಂದ ಕ್ಯೂಇಎಂಯು ಪ್ರೊಸೆಸರನ್ನೇ ಅನುಕರಿಸುತ್ತದೆ. ಯು-ಬೂಟ್ ಎಂಬ ಜನಪ್ರಿಯ ಬೂಟ್ ತಂತ್ರಾಂಶಕ್ಕೆ ‘ಸ್ಯಾಂಡ್‌ಬಾಕ್ಸ್’ ಎಂಬ ರೂಪವಿದೆ. ಅದರಲ್ಲಿ ಬೂಟ್ ಕೋಡ್ ಲಿನಕ್ಸ್‌ನ ಸಾಮಾನ್ಯ ಪ್ರೋಗ್ರಾಂನಂತೆ ಓಡುತ್ತದೆ, ಫ್ಲ್ಯಾಶ್ ಮೆಮೊರಿಯ ಜಾಗದಲ್ಲಿ ಒಂದು ಫೈಲ್ ಇರುತ್ತದೆ. ಕೆಟ್ಟರೆ ಫೈಲ್ ಅಳಿಸಿ ಮತ್ತೆ ಶುರು.

ಅಪ್ಪನ ಫೋನಿನ ನಂತರ ನಮ್ಮದೇ ಉತ್ಪನ್ನಕ್ಕೆ ಒಂದು ಪರೀಕ್ಷೆ ಬರೆದೆ. ಹೊಸ ಸಾಫ್ಟ್‌ವೇರ್ ತುಂಡು ತುಂಡಾಗಿ ಬರೆದುಕೊಳ್ಳುತ್ತದಲ್ಲ, ಪ್ರತಿ ತುಂಡಿನ ನಂತರ ಪ್ರೋಗ್ರಾಂ ಸಾಯಿಸುವುದು, ಮತ್ತೆ ಎಬ್ಬಿಸುವುದು. ನಮ್ಮೂರ ಕರೆಂಟಿನ ಹಾಗೆಯೇ. ಹಳೆಯದೋ ಹೊಸದೋ, ಒಂದು ಪ್ರತಿಯಂತೂ ಏಳಲೇಬೇಕು.

ಮೂರನೇ ದಿನ ಒಂದು ಕಡೆ ಏಳಲಿಲ್ಲ. ಕೊನೆಯ ತುಂಡು ಬರೆಯುವ ಮುಂಚೆಯೇ ನಮ್ಮ ಕೋಡ್ ‘ಹೊಸ ಪ್ರತಿ ಸಿದ್ಧ’ ಎಂದು ಗುರುತು ಹಾಕುತ್ತಿತ್ತು. ಆ ಎರಡರ ನಡುವೆ ಕರೆಂಟ್ ಹೋದರೆ, ಅರ್ಧ ಬೆಂದ ಪ್ರತಿಯನ್ನೇ ಎಬ್ಬಿಸಲು ಹೋಗಿ ಅಲ್ಲೇ ನಿಲ್ಲುತ್ತಿತ್ತು. ಆ ಸಾಲುಗಳನ್ನು ಬರೆದವಳು ನಾನೇ. ಒಂಬತ್ತು ದಿನ ಬೇರೆ ಕಂಪನಿಯನ್ನು ಬೈದ ಬಾಯಿ ಅಂದು ಮುಚ್ಚಿತು. ಪೂರ್ತಿ ಬರೆದು, ಸರಿಯಿದೆಯೇ ಎಂದು ನೋಡಿ, ಆಮೇಲೆ ಗುರುತು ಹಾಕುವಂತೆ ತಿದ್ದಿದೆ.

ಸುಳ್ಳು ಯಂತ್ರಕ್ಕೆ ಎಲ್ಲವೂ ಗೊತ್ತಾಗುವುದಿಲ್ಲ. ವೋಲ್ಟೇಜ್ ಕುಸಿತ, ಮೆಮೊರಿ ಚಿಪ್ಪಿನ ಚಂಚಲತೆ, ಬಿಸಿಲಿನ ಕಾವು ಅಲ್ಲಿಲ್ಲ. ಅದಕ್ಕೇ ಕೊನೆಗೆ ನಿಜವಾದ ಬೋರ್ಡಿಗೂ ರಿಲೇ ಕಟ್ಟಿ, ರಾತ್ರಿಯಿಡೀ ಕರೆಂಟ್ ತೆಗೆದು ಕೊಟ್ಟು ಮಾಡುತ್ತೇವೆ.

ನಮ್ಮ ಆಫೀಸಿಗೆ ದೂರವೇನಲ್ಲದ ಐಐಟಿ ಮದ್ರಾಸಿನಲ್ಲಿ ‘ಶಕ್ತಿ’ ಪ್ರೊಸೆಸರ್ ಬೆಳೆಯುತ್ತಿದೆ. 2018ರ ರಿಮೋ, 2020ರ ಮೌಷಿಕ್ ನಂತರ, ಇಸ್ರೋ ಜೊತೆಗೂಡಿ ರೂಪಿಸಿದ ‘ಐರಿಸ್’ ಚಿಪ್ಪಿನ ಸುದ್ದಿ 2025ರ ಫೆಬ್ರುವರಿಯಲ್ಲಿ ಬಂತು. ಚಿಪ್ ತಯಾರಾಗಿದ್ದು ಚಂಡೀಗಡದಲ್ಲಿ, ಪ್ಯಾಕೇಜಿಂಗ್ ನಮ್ಮ ಕರ್ನಾಟಕದಲ್ಲಿ, ಮದರ್‌ಬೋರ್ಡ್ ಗುಜರಾತಿನದು, ಜೋಡಣೆ ಚೆನ್ನೈನಲ್ಲಿ. ಕೊನೆಗೆ ಐಐಟಿಯಲ್ಲಿ ಬೂಟ್ ಆಯಿತು. ಓದುವವರಿಗೆ ಅದು ಒಂದು ಸಾಲು. ನಮ್ಮಂಥವರಿಗೆ ಅದರ ಹಿಂದಿನ ನಿದ್ದೆಗೆಟ್ಟ ರಾತ್ರಿಗಳು ಕಾಣುತ್ತವೆ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಪಂಪ್‌ಹೌಸಿನಲ್ಲಿ ಹೊಸ ಪೆಟ್ಟಿಗೆಯ ಪಕ್ಕದಲ್ಲೇ ಒಂದು ಸಾದಾ ಸ್ಟಾರ್ಟರ್ ಇತ್ತು. ‘ಇದ್ಯಾಕಪ್ಪ?’ ಎಂದೆ.

‘ಒಂದು ಕೈಕೊಟ್ರೆ ಇನ್ನೊಂದು ಇರ್ಲಿ ಅಂತ.’

ಫ್ಲ್ಯಾಶ್‌ನಲ್ಲಿ ಎರಡು ಪ್ರತಿ ಇಡುವುದು ಯಾಕೆಂದು ಆಫೀಸಿಗೆ ಹೊಸದಾಗಿ ಸೇರುವ ಹುಡುಗರಿಗೆ ಈಗ ಇದೇ ಮಾತಿನಲ್ಲಿ ಹೇಳಿಕೊಡುತ್ತೇನೆ.