ಎರಡನೇ ಲಿವರ್ ಯಾರದು?

ಆಂಧ್ರದ ಲೇಪಾಕ್ಷಿ ಸೀಮೆಯಲ್ಲಿ ಹಸುಗೂಸಿನ ಕಾಮಾಲೆ ಇಳಿಯದೆ, ಮಲ ಸುಣ್ಣದಂತೆ ಬೆಳ್ಳಗಾದರೆ, ಹಿಂದೂಪುರದಿಂದ ಮುಂದಿನ ದಾರಿ ಸಾಮಾನ್ಯವಾಗಿ ಬೆಂಗಳೂರಿಗೆ. ನೂರು ಕಿಲೋಮೀಟರ್ ಆಸುಪಾಸು. ರೈಲಿದೆ, ಬಸ್ಸಿದೆ, ಕನ್ನಡ ತೆಲುಗು ಎರಡೂ ನಡೆಯುತ್ತವೆ. ಕಲ್ಯಾಣದುರ್ಗದವರೂ ಅಲ್ಲಿಗೆ ಹೋಗುವುದುಂಟು. ಅಂಥ ಮಗುವಿಗೆ ಲಿವರ್ ಕಸಿ ಬೇಕಾದರೆ, ಮೊದಲ ಕಸಿಗೆ ರಾಜ್ಯದ ಗಡಿ ಅಷ್ಟಾಗಿ ಅಡ್ಡ ಬರುವುದಿಲ್ಲ, ಅಪ್ಪನೋ ಅಮ್ಮನೋ ತಮ್ಮ ಲಿವರಿನಲ್ಲೊಂದು ಭಾಗ ಕೊಡುತ್ತಾರೆ. ಆ ಕಸಿ ಕೆಟ್ಟಾಗಲೇ ಗಡಿ ಕಣ್ಣಿಗೆ ಬೀಳುವುದು.

ಈ ವಿದ್ಯೆ ಶುರುವಾದದ್ದೇ ಮಕ್ಕಳಿಂದ. 1963ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜ್ಲ್ ಮೊದಲ ಬಾರಿಗೆ ಮನುಷ್ಯನಿಗೆ ಲಿವರ್ ಕಸಿ ಮಾಡಲು ಕೈಹಾಕಿದರು. ಪಿತ್ತನಾಳವಿಲ್ಲದೆ ಹುಟ್ಟಿದ್ದ ಮೂರು ವರ್ಷದ ಆ ಮಗು ರಕ್ತಸ್ರಾವದಿಂದ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೇ ತೀರಿಕೊಂಡಿತು. 1967ರಲ್ಲಿ ಒಂದೂವರೆ ವರ್ಷದ ಹೆಣ್ಣುಮಗು ಕಸಿಯ ನಂತರ ವರ್ಷಕ್ಕೂ ಹೆಚ್ಚು ಬದುಕಿತು. ಬದುಕಿದ್ದವರಿಗೆ ಎರಡನೇ ಲಿವರ್ ಬೇಕಾಗಬಹುದೆಂಬ ಪ್ರಶ್ನೆ ಹುಟ್ಟಿದ್ದು ಆಮೇಲೆ. ನಮ್ಮ ದೇಶದಲ್ಲಿ 1998ರ ನವೆಂಬರಿನಲ್ಲಿ ದೆಹಲಿಯ ಅಪೋಲೊದಲ್ಲಿ ಕಾಂಚೀಪುರದ 20 ತಿಂಗಳ ಮಗುವಿಗೆ ತಂದೆಯ ಲಿವರಿನ ಭಾಗ ಕೂಡಿಸಲಾಯಿತು. ಆ ಹುಡುಗ ಮುಂದೆ ವೈದ್ಯನಾದ.

ಕಸಿ ಕೆಡುವುದು ಹೇಗೆ? ಪುಟ್ಟ ಮಗುವಿನ ಲಿವರಿಗೆ ರಕ್ತ ಒಯ್ಯುವ ಅಪಧಮನಿಯ ಅಗಲ ಎರಡು–ಮೂರು ಮಿಲಿಮೀಟರ್. ಸೂಕ್ಷ್ಮದರ್ಶಕ ಇಟ್ಟುಕೊಂಡು, ಕೂದಲಿಗಿಂತ ತೆಳುವಾದ ದಾರದಲ್ಲಿ ಅದನ್ನು ಹೊಲಿಯುತ್ತಾರೆ. ಮೊದಲ ವಾರದಲ್ಲಿ ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೊಸ ಲಿವರ್ ಸಾಯಬಹುದು. ವರ್ಷಗಳ ನಂತರದ ಕಾರಣ ಬೇರೆ: ದೇಹ ಅದನ್ನು ಮೆಲ್ಲಗೆ ನಿರಾಕರಿಸುತ್ತದೆ, ಪಿತ್ತನಾಳಗಳು ಒಂದೊಂದಾಗಿ ಮಾಯವಾಗುತ್ತವೆ. 1989ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಸ್ಟಾರ್ಜ್ಲ್ ತಂಡ ಬಳಕೆಗೆ ತಂದ, ಈ ನಿರಾಕರಣೆ ತಡೆಯುವ ಔಷಧಿ ಟ್ಯಾಕ್ರೊಲಿಮಸ್ ಇಂಥ ಎಷ್ಟೋ ಲಿವರುಗಳನ್ನು ಉಳಿಸಿತು. ಆದರೆ ಸಾಮಾನ್ಯವಾಗಿ ಹನ್ನೆರಡು ಗಂಟೆಗೊಮ್ಮೆ, ತಪ್ಪದೆ ನುಂಗಬೇಕು. ಹದಿನೈದು ಹದಿನಾರರ ವಯಸ್ಸಿನಲ್ಲಿ, ಆರೋಗ್ಯವಾಗಿಯೇ ಇದ್ದೇನಲ್ಲ ಎಂದು ಗುಟ್ಟಾಗಿ ಮಾತ್ರೆ ಬಿಡುವವರಿದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ.

ಎರಡನೇ ಶಸ್ತ್ರಚಿಕಿತ್ಸೆ ಮೊದಲಿನದಕ್ಕಿಂತ ಕಠಿಣ. ಹಳೆಯ ಗಾಯ ಮಾದು ಕರುಳು ಲಿವರಿನ ಅಡಿಗೆ ಅಂಟಿರುತ್ತದೆ. ಬಿಡಿಸುವುದಕ್ಕೇ ಗಂಟೆಗಟ್ಟಲೆ ಬೇಕು, ರಕ್ತ ಹೋಗುತ್ತದೆ. ಫಲಿತಾಂಶವೂ ಮೊದಲ ಕಸಿಯಷ್ಟು ಒಳ್ಳೆಯದಲ್ಲ. ಹಾಗೆಂದು ಕೈಬಿಡುವ ಮಾತಲ್ಲ, ಎರಡನೇ ಲಿವರಿನಿಂದ ದೊಡ್ಡವರಾದ ಮಕ್ಕಳಿದ್ದಾರೆ.

ನನ್ನ ಪ್ರಕಾರ ಕತ್ತರಿಗಿಂತ ಕಷ್ಟದ್ದು ದಾನಿಯ ಲೆಕ್ಕ. ಕೊಟ್ಟವರ ಲಿವರ್ ಮತ್ತೆ ಬೆಳೆಯುತ್ತದೆ, ನಿಜ. ಆದರೆ ಅವರು ಇನ್ನೊಮ್ಮೆ ಕೊಡುವಂತಿಲ್ಲ. ಅಮ್ಮ ಕೊಟ್ಟಾಗಿದ್ದರೆ ಅಪ್ಪ. ಅವರ ರಕ್ತದ ಗುಂಪು ಕೂಡದಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ? ಅಂಗಾಂಗ ಕಸಿ ಕಾಯ್ದೆಯ 2011ರ ತಿದ್ದುಪಡಿ ಅಜ್ಜ–ಅಜ್ಜಿಯರನ್ನೂ ಹತ್ತಿರದ ಬಂಧುಗಳ ಪಟ್ಟಿಗೆ ಸೇರಿಸಿತು, ಆದರೆ ವಯಸ್ಸು ಅಡ್ಡಬರುತ್ತದೆ. ಉಳಿಯುವುದು ಮೆದುಳು ನಿಷ್ಕ್ರಿಯಗೊಂಡವರ ದಾನ. ಅದರ ಪಟ್ಟಿ ಕರ್ನಾಟಕದಲ್ಲಿ ಜೀವಸಾರ್ಥಕತೆ ಎಂಬ ಸಂಸ್ಥೆಯದು, ಆಂಧ್ರದಲ್ಲಿ ಜೀವನ್‌ದಾನ್‌ನದು. ಅಂಗಕ್ಕೆ ಹೆಸರು ಬರೆಸಲು ವಾಸಸ್ಥಳದ ದಾಖಲೆ ಬೇಕೆಂಬ ನಿಬಂಧನೆ ಕೈಬಿಡಿ ಎಂದು ಕೇಂದ್ರ 2023ರಲ್ಲಿ ರಾಜ್ಯಗಳಿಗೆ ಹೇಳಿತು. ಗಡಿಯ ಕುಟುಂಬಗಳಿಗೆ ಇದಕ್ಕಿಂತ ಮುಖ್ಯವಾದ ಸುತ್ತೋಲೆ ಇನ್ನೊಂದಿಲ್ಲ.

ಆದರೂ ಹಿಂದೂಪುರದ ಆಧಾರ್ ಇಟ್ಟುಕೊಂಡು ಬೆಂಗಳೂರಿಗೆ ಹೋಗುವವರು ಆಸ್ಪತ್ರೆಯ ಕಸಿ ಸಂಯೋಜಕರನ್ನು ಮೊದಲ ದಿನವೇ ಕೇಳಲಿ: ಮಗುವಿನ ಹೆಸರು ಯಾವ ಪಟ್ಟಿಗೆ ಸೇರುತ್ತದೆ, ಹೊರರಾಜ್ಯದವರ ಸರದಿ ಎಷ್ಟನೆಯದು?